ಸದ್ದಿಲ್ಲದ ಸಿನಿಮಾಕ್ಕೆ ಟಾಕೀಸು, ಸದ್ದಿನ ಸಿನಿಮಾಕ್ಕೆ ಮನೆ

"ದೊಡ್ಡ ಸಿನಿಮಾ ಥಿಯೇಟರಿನಲ್ಲೇ ನೋಡಬೇಕು. ಸಣ್ಣ ಸಿನಿಮಾನಾ? ಒಟಿಟಿಗೆ ಬಂದಾಗ ಮನೇಲಿ ನೋಡಿದರಾಯ್ತು." ಈ ಮಾತನ್ನು ನೀವೂ ಕೇಳಿರುತ್ತೀರಿ, ಹೇಳಿಯೂ ಇರುತ್ತೀರಿ. ಕೆಲವು ವರ್ಷಗಳಿಂದ ನಾನು ಎರಡೂ ಕಡೆ ನೋಡುತ್ತಾ ಬಂದಿದ್ದೇನೆ. ದಾವಣಗೆರೆಯ ಹಳೇ ಟಾಕೀಸುಗಳು, ಮಾಲಿನೊಳಗಿನ ಮಲ್ಟಿಪ್ಲೆಕ್ಸು, ವಿದ್ಯಾನಗರದ ನಮ್ಮ ಮನೆಯ ಹಾಲಿನಲ್ಲಿರುವ 55 ಇಂಚಿನ ಟಿವಿ. ಎಷ್ಟೋ ಸಲ ಒಂದೇ ಸಿನಿಮಾವನ್ನು ಮೊದಲು ಅಲ್ಲಿ ನೋಡಿ, ಒಂದೆರಡು ತಿಂಗಳು ಬಿಟ್ಟು ಇಲ್ಲಿ ನೋಡಿದ್ದೇನೆ. ನನಗೆ ಕಂಡದ್ದು ಪೂರ್ತಿ ಉಲ್ಟಾ. ಹೊಡೆದಾಟದ ಸಿನಿಮಾ ಮನೆಯಲ್ಲೂ ನಡೆಯುತ್ತದೆ. ಮಾತು ಕಮ್ಮಿ ಇದ್ದು ಮೆಲ್ಲಗೆ ಸಾಗುವ ಸಿನಿಮಾಕ್ಕೇ ಟಾಕೀಸು ಬೇಕು.

ಯಾಕೆ ಅಂತ ಹೇಳುವ ಮೊದಲು ಪರದೆಯ ವಿಷಯ ಮುಗಿಸಿಬಿಡುತ್ತೇನೆ. ಜನ ಮೊದಲು ಎತ್ತುವುದೇ ಅದನ್ನು. ನನಗೆ ಮಾತ್ರ ಅದು ಅಷ್ಟು ದೊಡ್ಡ ವ್ಯತ್ಯಾಸ ಅನ್ನಿಸಿಲ್ಲ. 55 ಇಂಚಿನ ಟಿವಿಯ ಅಗಲ ಸುಮಾರು 121 ಸೆಂಟಿಮೀಟರ್. ಏಳೂವರೆ ಅಡಿ ದೂರದಲ್ಲಿ ಕೂತರೆ ಅದು ಕಣ್ಣಿನ ಮುಂದೆ ಸುಮಾರು 30 ಡಿಗ್ರಿ ಜಾಗ ತುಂಬುತ್ತದೆ. ಥಿಯೇಟರಿನ ಕೊನೆಯ ಸಾಲಿನವರಿಗೂ ಇಷ್ಟಾದರೂ ಸಿಗಬೇಕು ಅಂತ ಸಿನಿಮಾ ಎಂಜಿನಿಯರುಗಳು ಹೇಳುವ ಲೆಕ್ಕವೂ ಇದೇ. ಅಂದರೆ ಬಾಲ್ಕನಿಯ ಹಿಂದಿನ ಸೀಟಿನವನಿಗಿಂತ ನಾನು ಕಳೆದುಕೊಂಡದ್ದು ಏನೂ ಇಲ್ಲ. ತೊಂದರೆ ಇರುವುದು ನಮ್ಮ ಹಾಲುಗಳಲ್ಲಿ. ಸೋಫಾ ಈ ಗೋಡೆಗೆ ಅಂಟಿರುತ್ತದೆ, ಟಿವಿ ಆ ಗೋಡೆಯಲ್ಲಿ ದೇವರ ಫೋಟೋದ ಎತ್ತರಕ್ಕೆ ಇರುತ್ತದೆ. ನಡುವೆ ಹನ್ನೆರಡು ಅಡಿ. ಆಗ ಸಣ್ಣ ಸಣ್ಣ ವಿವರವನ್ನೂ ತೋರಿಸುವ 4ಕೆ ಟಿವಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಿನಿಮಾ ನೋಡುವ ದಿನ ನಾನು ಪ್ಲಾಸ್ಟಿಕ್ ಕುರ್ಚಿ ಮುಂದಕ್ಕೆ ಎಳೆದು ಕೂರುತ್ತೇನೆ. ಮನೆಯವಳು ನಗುತ್ತಾಳೆ. ನಗಲಿ.

ಅಗಲವಾಗಿ ತೆಗೆದ ಸ್ಕೋಪ್ ಸಿನಿಮಾಗಳಲ್ಲಿ ಮಾತ್ರ ಟಿವಿಗೆ ನಷ್ಟವಿದೆ. ಅಂಥ ಚಿತ್ರದ ಅಗಲ ಅದರ ಎತ್ತರದ 2.39 ಪಟ್ಟು. ಟಿವಿಯದು 1.78 ಪಟ್ಟು. ಹಾಗಾಗಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು, ದುಡ್ಡು ಕೊಟ್ಟು ತಂದ ಟಿವಿಯ ಕಾಲು ಭಾಗ ಸುಮ್ನೆ ಹೋಗುತ್ತದೆ. ಬೆಳಕಿನಲ್ಲಿ ಟಿವಿಯೇ ಮುಂದು. ಪರದೆಯ ಬೆಳಕನ್ನು ನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಥಿಯೇಟರಿನ ಪರದೆಗೆ ಇರಬೇಕಾದದ್ದು 48 ನಿಟ್. ಸಾಧಾರಣ ಟಿವಿಯೂ ಇದರ ಐದಾರು ಪಟ್ಟು ಕೊಡುತ್ತದೆ. ಥಿಯೇಟರಿನ ಚಿತ್ರ ನಮಗೆ ಚಂದ ಕಾಣುವುದು ಸುತ್ತಲೂ ಕತ್ತಲಿರುವುದರಿಂದ. ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ದಪ್ಪ ಪರದೆ ಎಳೆದರೆ ಮನೆಯಲ್ಲೂ ಅರ್ಧ ಕೆಲಸ ಆದಂತೆ. ಇನ್ನು ಪ್ರೊಜೆಕ್ಟರಿನ ಲ್ಯಾಂಪ್ ಹಳೆಯದಾದಂತೆ ಬೆಳಕು ಕುಗ್ಗುತ್ತಾ ಹೋಗುತ್ತದೆ. ನಮ್ಮೂರಿನ ಒಂದು ಟಾಕೀಸಿನಲ್ಲಿ ರಾತ್ರಿ ನಡೆಯುವ ಸೀನುಗಳೆಲ್ಲ ಕೆಸರು ಬಣ್ಣಕ್ಕೆ ತಿರುಗಿದ್ದವು. ಯಾರು ಯಾರಿಗೆ ಹೊಡೆದರು ಅಂತ ಪಕ್ಕದವನನ್ನು ಕೇಳಬೇಕಾಯಿತು. ಅವನಿಗೂ ಗೊತ್ತಿರಲಿಲ್ಲ.

ಹೊಸ ಟಿವಿ ತಂದವರು ಒಂದು ಕೆಲಸ ಮಾಡಿ. ಸೆಟ್ಟಿಂಗಿಗೆ ಹೋಗಿ ಮೋಷನ್ ಸ್ಮೂದಿಂಗ್ ಅನ್ನುವುದನ್ನು ಆಫ್ ಮಾಡಿ. ಕಂಪನಿಗೊಂದು ಹೆಸರಿಟ್ಟಿರುತ್ತಾರೆ, ಹುಡುಕಬೇಕು. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದಂತೆ. ಟಿವಿ ತಾನೇ ಬುದ್ಧಿವಂತನಾಗಿ ಮಧ್ಯೆ ಇಲ್ಲದ ಚಿತ್ರಗಳನ್ನು ತುರುಕಿ ನುಣ್ಣಗೆ ಮಾಡುತ್ತದೆ. ಕೋಟಿಗಟ್ಟಲೆ ಸುರಿದ ಸಿನಿಮಾ ಸಂಜೆ ಏಳರ ಧಾರಾವಾಹಿ ತರ ಕಾಣುವುದು ಇದರಿಂದಲೇ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಹಾಕಿದರೆ ಸಾಕು, ಎಲ್ಲ ತಾನಾಗೇ ಸರಿಹೋಗುತ್ತದೆ.

ಇಂಟರ್‌ನೆಟ್ಟಿನ ಲೆಕ್ಕವೂ ಕೇಳಿ. ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರಕ್ಕೆ ಕೇಳುವುದು ಸೆಕೆಂಡಿಗೆ 15 ಮೆಗಾಬಿಟ್. ಥಿಯೇಟರಿಗೆ ಬರುವ ಡಿಜಿಟಲ್ ಪ್ರತಿಯಲ್ಲಿ ಅದು 250 ಮೆಗಾಬಿಟ್‌ವರೆಗೂ ಇರುತ್ತದೆ. ಒಟಿಟಿಯವರ ಕುಗ್ಗಿಸುವ ವಿದ್ಯೆ ಜಾಣತನದ್ದು, ಹಾಗಾಗಿ ಇಷ್ಟು ಅಂತರ ಯಾವಾಗಲೂ ಕಣ್ಣಿಗೆ ಹೊಡೆಯುವುದಿಲ್ಲ. ಮಂಜು, ಹೊಗೆ, ಮುಸ್ಸಂಜೆಯ ಆಕಾಶ ಬಂದಾಗ ಮಾತ್ರ ಗೊತ್ತಾಗುತ್ತದೆ. ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಬೀಳುತ್ತವೆ. ನನಗೆ ಅದು ಒಮ್ಮೆ ಕಂಡರೆ ಆಮೇಲೆ ಕಥೆಗಿಂತ ಅದೇ ಕಾಣುತ್ತದೆ.

ಪರದೆ ಅಷ್ಟೇ. ನಿಜವಾದ ವ್ಯತ್ಯಾಸ ಶುರುವಾಗುವುದು ಕಿವಿಯಿಂದ.

ಥಿಯೇಟರಿನ ಪರದೆಯ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಹಿಂದೆ ಎಡ, ನಡು, ಬಲ ಎಂದು ಮೂರು ಸ್ಪೀಕರ್ ನಿಂತಿರುತ್ತವೆ. ಪಾತ್ರಗಳ ಮಾತೆಲ್ಲ ಹೆಚ್ಚಾಗಿ ನಡುವಿನದರಿಂದ ಬರುತ್ತದೆ, ತೂತುಗಳ ಮೂಲಕ ಹಾದು ನೇರ ನಿಮ್ಮ ಮುಖಕ್ಕೆ. ಮಾತನಾಡುವವನ ಬಾಯಿಂದಲೇ ದನಿ ಬಂದಂತೆ ಅನ್ನಿಸುವುದು ಅದಕ್ಕೇ. ಟಿವಿಗಳು ತೆಳ್ಳಗಾದಂತೆ ಸ್ಪೀಕರಿಗೆ ಜಾಗವೇ ಉಳಿಯಲಿಲ್ಲ. ಹೆಚ್ಚಿನವುಗಳಲ್ಲಿ ಅದು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ. ಎಡ, ನಡು, ಬಲದ ಜೊತೆ ಪಕ್ಕದ ಗೋಡೆಗಳದ್ದು, ಗುಡುಗಿಸುವ ವೂಫರಿನದ್ದು ಸೇರಿ ಆರು ದಾರಿಯಲ್ಲಿ ಬರಬೇಕಾದ ಸದ್ದನ್ನು ಟಿವಿ ಎರಡು ಪುಟ್ಟ ಸ್ಪೀಕರಿಗೆ ತುಂಬಿ, ಅದನ್ನೂ ಗೋಡೆಗೆ ಕೇಳಿಸುತ್ತದೆ. ಪಿಸುಮಾತು ಕೇಳಲ್ಲ. ಸೌಂಡ್ ಜಾಸ್ತಿ ಮಾಡಿದರೆ ಮುಂದಿನ ಸೀನಿನಲ್ಲಿ ಹಾಡು ಬಂದು ಪಕ್ಕದ ಮನೆಯವರು ಎದ್ದು ಕೂರುತ್ತಾರೆ. ರಿಮೋಟ್ ಕೈಬಿಡುವ ಹಾಗೇ ಇಲ್ಲ.

ನಮ್ಮ ಅವ್ವನಿಗೆ ಕಿವಿ ಸ್ವಲ್ಪ ಮಂದ. ಕನ್ನಡ ಸಿನಿಮಾಕ್ಕೇ ನಾವು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡುತ್ತಿದ್ದ ಕಾಲವಿತ್ತು. ಅವ್ವನಿಗೆ ಇಂಗ್ಲಿಷ್ ಬರಲ್ಲ, ಅದು ಬೇರೆ ಮಾತು. ಮೊಮ್ಮಗ ಓದಿ ಹೇಳಬೇಕಿತ್ತು. ಆಮೇಲೆ ಮಾತಿಗೆಂದೇ ನಡುವೆ ಬೇರೆ ಸ್ಪೀಕರ್ ಇರುವ 3.1 ಸೌಂಡ್‌ಬಾರ್ ತಂದೆವು. ಅಂಗಡಿಯವನು ವೂಫರ್ ಗುಡುಗಿಸಿ ತೋರಿಸುತ್ತಿದ್ದ. ನಾನು ಅದನ್ನು ನಿಲ್ಲಿಸಿ, ಇಬ್ಬರು ಮೆಲ್ಲಗೆ ಮಾತಾಡುವ ಸೀನು ಹಾಕಿ ಅಂದೆ. ಅವನಿಗೆ ಬೇಜಾರಾಯಿತು. ಆದರೆ ಪರೀಕ್ಷೆ ಮಾಡಬೇಕಾದದ್ದು ಅದನ್ನೇ. ಗುಡುಗು ಎಲ್ಲ ಡಬ್ಬದಲ್ಲೂ ಬರುತ್ತದೆ. ರಾತ್ರಿ ಹೊತ್ತಿಗೆ ನೈಟ್ ಮೋಡ್ ಹಾಕಿದರೆ ಜೋರು ಸದ್ದು ತಗ್ಗಿ, ಸಣ್ಣ ಸದ್ದು ಮೇಲೆ ಬರುತ್ತದೆ. ಪಕ್ಕದ ಮನೆಯವರಿಗೂ ಸುಖ. ಕೈಯಲ್ಲಿ ಇಪ್ಪತ್ತು ಸಾವಿರ ಇದ್ದು, 55 ಇಂಚನ್ನು 65 ಮಾಡೋಣವೇ ಅಂತ ಯೋಚಿಸುತ್ತಿದ್ದರೆ, ದಯವಿಟ್ಟು ಸದ್ದಿಗೆ ಹಾಕಿ.

ಇಷ್ಟೆಲ್ಲ ಮಾಡಿಯೂ ಮೆಲ್ಲಗಿನ ಸಿನಿಮಾ ಮನೆಯಲ್ಲಿ ನಿಲ್ಲುವುದಿಲ್ಲ. ಪರದೆಯ ಮೇಲೆ ಒಬ್ಬ ಮುದುಕ ಬಾವಿಕಟ್ಟೆಯ ಮೇಲೆ ಕೂತು ಏನನ್ನೋ ಯೋಚಿಸುತ್ತಿದ್ದಾನೆ ಅಂದುಕೊಳ್ಳಿ. ಅರ್ಧ ನಿಮಿಷ ಮಾತಿಲ್ಲ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ. ಹಾಲಿನವನ ಲೆಕ್ಕ ಕೊಡಬೇಕು. ಅಕ್ಕನ ಫೋನು. ಯಾರೂ ಬರದಿದ್ದರೆ ನನ್ನ ಕೈಯೇ ಮೊಬೈಲಿಗೆ ಹೋಗುತ್ತದೆ, ಏನೂ ಆಗ್ತಿಲ್ವಲ್ಲ ಅಂತ. ತಲೆ ಎತ್ತುವ ಹೊತ್ತಿಗೆ ಮುದುಕ ಎದ್ದು ಹೋಗಿರುತ್ತಾನೆ. ಸಿನಿಮಾ ಇದ್ದದ್ದೇ ಆ ಅರ್ಧ ನಿಮಿಷದಲ್ಲಿ. ಹೊಡೆದಾಟದ ಸಿನಿಮಾಕ್ಕೆ ಈ ಕಷ್ಟವಿಲ್ಲ. ಹೀರೋ ಹತ್ತು ಜನರನ್ನು ಹೊಡೆಯುವಾಗ ನೀವು ಎದ್ದು ಹೋಗಿ ಚಹಾ ಸೋಸಿಕೊಂಡು ಬನ್ನಿ, ಇನ್ನೂ ನಾಲ್ಕು ಜನ ಬಾಕಿ ಇರುತ್ತಾರೆ. ಅದನ್ನು ಬರೆದವರೇ ಜನ ಎದ್ದು ಓಡಾಡುತ್ತಾರೆ ಅಂತ ತಿಳಿದು ಬರೆದಿರುತ್ತಾರೆ. ಮುಖ್ಯವಾದದ್ದನ್ನು ಮೂರು ಸಲ ಹೇಳುತ್ತಾರೆ. ಮೆಲ್ಲಗಿನ ಸಿನಿಮಾ ಒಂದೇ ಸಲ ಹೇಳುತ್ತದೆ.

ಟಾಕೀಸಿನಲ್ಲಿ ಎದ್ದು ಹೋಗಲು ದಾರಿ ಇಲ್ಲ ಅಂತಲ್ಲ. ಬಾಗಿಲು ತೆರೆದೇ ಇದೆ. ಆದರೆ ದುಡ್ಡು ಕೊಟ್ಟಿದ್ದೇವೆ, ಕತ್ತಲಿದೆ, ಮೊಬೈಲ್ ತೆಗೆದರೆ ಹಿಂದಿನವನು "ಏ, ಲೈಟ್ ಆಫ್ ಮಾಡಪಾ" ಅನ್ನುತ್ತಾನೆ. ಬೇಜಾರಾದರೂ ಕೂರುತ್ತೇವೆ. ಆ ಬೇಜಾರನ್ನು ದಾಟಿದ ಮೇಲೆ ಸಿನಿಮಾ ಹಿಡಿಯುತ್ತದೆ. ನನಗೆ ಹಾಗೆ ಬಹಳ ಸಲ ಆಗಿದೆ. ಮನೆಯಲ್ಲಿ ಒಮ್ಮೆಯೂ ಆಗಿಲ್ಲ.

ತಮಾಷೆ ಏನೆಂದರೆ, ಟಾಕೀಸು ಬೇಕಾದ ಸಿನಿಮಾಕ್ಕೇ ನಮ್ಮೂರಿನಲ್ಲಿ ಟಾಕೀಸು ಸಿಗುವುದಿಲ್ಲ. ಸಣ್ಣ ಕನ್ನಡ ಸಿನಿಮಾ ಶುಕ್ರವಾರ ಬರುತ್ತದೆ. ದಿನಕ್ಕೊಂದೇ ಆಟ, ಅದೂ ಬೆಳಗ್ಗೆ, ಕೆಲಸಕ್ಕೆ ಹೋಗುವವರು ಹೋಗಲಾಗದ ಹೊತ್ತಿಗೆ. ಮುಂದಿನ ಶುಕ್ರವಾರದೊಳಗೆ ಮಾಯ. ಒಮ್ಮೆ ರಜೆ ಹಾಕಿ ಹೋಗಿದ್ದೆ. ಕೌಂಟರಿನವರು ಟಿಕೆಟ್ ಕೊಡಲಿಲ್ಲ. "ಕೂತ್ಕಳಿ ಸರ್, ಇನ್ನೊಂದಿಷ್ಟು ಜನ ಬರ್ಲಿ, ಬಂದ್ರೆ ಹಾಕ್ತೀವಿ" ಅಂದರು. ಹೊರಗೆ ನಾವು ನಾಲ್ಕೈದು ಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. ಒಬ್ಬ ಹುಡುಗ ಫೋನ್ ಮಾಡಿ ತನ್ನ ಗೆಳೆಯರನ್ನು ಕರೆಸಿದ. ಅವರಿಗೆ ಸಿನಿಮಾದ ಹೆಸರೂ ಗೊತ್ತಿರಲಿಲ್ಲ, ಎಸಿ ಇದೆಯಾ ಅಂತ ಕೇಳಿ ಬಂದರು. ಆಟ ನಡೆಯಿತು. ಆ ಹುಡುಗರು ಮೊದಲ ಇಪ್ಪತ್ತು ನಿಮಿಷ ಕಾಮೆಂಟ್ ಹೊಡೆಯುತ್ತಿದ್ದರು, ಆಮೇಲೆ ಸದ್ದಿಲ್ಲ. ಇಂಟರ್‌ವಲ್‌ನಲ್ಲಿ ಒಬ್ಬನೂ ಎದ್ದು ಹೋಗಲಿಲ್ಲ. ಅದೇ ಸಿನಿಮಾ ಅವರ ಮನೆಯ ಟಿವಿಯಲ್ಲಿ ಬಂದಿದ್ದರೆ ಐದು ನಿಮಿಷಕ್ಕೆ ಚಾನೆಲ್ ಬದಲಾಗುತ್ತಿತ್ತು.

"ಒಟಿಟಿಗೆ ಬಂದಾಗ ನೋಡಿದರಾಯ್ತು" ಅನ್ನುವವರಿಗೆ ಇನ್ನೊಂದು ವಿಷಯ. ಸಣ್ಣ ಕನ್ನಡ ಸಿನಿಮಾಗಳಲ್ಲಿ ಎಷ್ಟೋ ಒಟಿಟಿಗೆ ಬರುವುದೇ ಇಲ್ಲ. ಕೊಳ್ಳುವವರಿಲ್ಲ. ರಕ್ಷಿತ್ ಶೆಟ್ಟಿಯಂಥ ಹೆಸರಿರುವವರೇ ತಾವು ನಿರ್ಮಿಸಿದ 'ಏಕಂ' ಸರಣಿಯನ್ನು 2024ರ ಜುಲೈನಲ್ಲಿ ಅದಕ್ಕೆಂದೇ ಮಾಡಿಸಿದ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಬೇಕಾಯಿತು. ದೊಡ್ಡ ಒಟಿಟಿಗಳು ತೆಗೆದುಕೊಂಡಿರಲಿಲ್ಲ. ಅವರಿಗೇ ಹಾಗಾದರೆ ಹೊಸಬರ ಪಾಡೇನು? ದೊಡ್ಡ ಸಿನಿಮಾ ಹೇಗೂ ಬರುತ್ತದೆ. ಅದಕ್ಕೆ ಕಾಯಬಹುದು.

ಫಸ್ಟ್ ಡೇ ಫಸ್ಟ್ ಶೋ ಬೇಡವೇ ಅಂತ ಕೇಳಬೇಡಿ. ಕಟೌಟಿಗೆ ಹಾಲು, ಪಟಾಕಿ, ಪರದೆ ಮುಂದೆ ಕುಣಿತ, ಇದೆಲ್ಲ ನನಗೂ ಇಷ್ಟ. ಆದರೆ ಅದು ಜಾತ್ರೆ. ಅಲ್ಲಿ ಸಿನಿಮಾ ಕೇಳಿಸುವುದಿಲ್ಲ. ಶಿಳ್ಳೆಯಲ್ಲಿ ಮುಚ್ಚಿಹೋದ ಡೈಲಾಗನ್ನು ನಾನು ಕೇಳುವುದು ಮನೆಗೆ ಬಂದಾಗಲೇ, ತಿಂಗಳ ಮೇಲೆ. ಕಾಮಿಡಿ ಮಾತ್ರ ಬೇರೆ. ಅದಕ್ಕೆ ಜನ ಬೇಕೇ ಬೇಕು. ಮಾಲಿನಲ್ಲಿ ಹೊಟ್ಟೆ ಹಿಡಿದು ನಕ್ಕ ಸಿನಿಮಾವನ್ನು ಮನೆಯಲ್ಲಿ ಹಾಕಿದಾಗ ನಾವು ಮೂವರೂ ಒಂದು ಸಲವೂ ನಗಲಿಲ್ಲ. ಅಲ್ಲಿ ನಕ್ಕದ್ದು ಯಾಕೆ ಅಂತಲೇ ಅರ್ಥವಾಗಲಿಲ್ಲ.

ಹಳೆಯ ಸಿನಿಮಾದಲ್ಲೂ ಟಾಕೀಸೇ ಗೆದ್ದದ್ದನ್ನು ಕಂಡಿದ್ದೇನೆ. 1972ರ 'ನಾಗರಹಾವು' ನಮ್ಮ ಕಡೆಯವರಿಗೆ ಊರಿನ ಸಿನಿಮಾ. ಚಿತ್ರದುರ್ಗ ಇಲ್ಲಿಂದ ಹೈವೇಯಲ್ಲಿ ಒಂದು ಗಂಟೆಯ ದಾರಿ. ಅವ್ವ ಅದನ್ನು ಮದುವೆಗೆ ಮುಂಚೆ ಟಾಕೀಸಿನಲ್ಲಿ ನೋಡಿದವಳು. ಆಮೇಲೆ ಟಿವಿಯಲ್ಲಿ ಹಬ್ಬಕ್ಕೊಮ್ಮೆ ಬರುತ್ತಿತ್ತು, ಅವಳು ಹೂ ಕಟ್ಟುತ್ತಾ ನೋಡುತ್ತಿದ್ದಳು. 2018ರ ಜುಲೈನಲ್ಲಿ ಸುತ್ತಲಿಂದಲೂ ಕೇಳಿಸುವ 7.1 ಸದ್ದು ಕೂಡಿಸಿ ಹೊಸದಾಗಿ ಬಿಟ್ಟಾಗ ಅವ್ವನನ್ನು ಕರೆದುಕೊಂಡು ಹೋದೆ. ಮಂಡಿ ನೋವು, ಮೆಟ್ಟಿಲು ಹತ್ತಿಸುವುದೇ ಕಷ್ಟವಾಯಿತು. ಓಬವ್ವನ ಹಾಡು ಬಂದಾಗ ಅವಳು ನನ್ನ ಕೈ ತಟ್ಟಿ, "ಕೋಟಿ ಕಲ್ಲು ಇಷ್ಟು ದೊಡ್ಡವು ಅದಾವು ಅಂತ ಮರ್ತೇ ಹೋಗಿತ್ತು ನೋಡು" ಅಂದಳು. ದುರ್ಗಕ್ಕೆ ಎಷ್ಟೋ ಸಲ ಹೋಗಿ ಬಂದವಳು. ಟಿವಿಯಲ್ಲಿ ನೋಡಿ ನೋಡಿ ಅವಳ ಕಣ್ಣಲ್ಲಿ ಆ ಕೋಟೆ ಚಿಕ್ಕದಾಗಿಬಿಟ್ಟಿತ್ತು. ಈಗ ಮಂಡಿ ಜಾಸ್ತಿ ಆಗಿದೆ, ಬಾಲ್ಕನಿ ಹತ್ತಲಾರಳು. ಅವಳಿಗೆ ಮನೆಯೇ ಗತಿ, ಈ ಲೆಕ್ಕಾಚಾರ ಯಾವುದೂ ಅವಳಿಗಲ್ಲ.

ದುಡ್ಡಿನ ಮಾತು. ನೂರು ರೂಪಾಯಿವರೆಗಿನ ಟಿಕೆಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ನೂರು ದಾಟಿದರೆ ಶೇ 18. ಟಿಕೆಟ್ ದರ 200 ರೂಪಾಯಿ ಮೀರಬಾರದು ಅಂತ ರಾಜ್ಯ ಸರ್ಕಾರ ಅದೇ ಸೆಪ್ಟೆಂಬರಿನಲ್ಲಿ ನಿಯಮ ತಂದಿತು. ಹತ್ತು ಹನ್ನೆರಡು ದಿನದಲ್ಲೇ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಮ್ಮ ಹಳೇ ಟಾಕೀಸುಗಳಿಗೆ ಈ ಜಗಳ ಅಷ್ಟು ತಟ್ಟುವುದಿಲ್ಲ, ಅಲ್ಲಿ ದರ ಮೊದಲೇ ಕಮ್ಮಿ. ಜೇಬು ಖಾಲಿಯಾಗುವುದು ಮಾಲಿನಲ್ಲಿ, ಅದೂ ಇಂಟರ್‌ವಲ್‌ನಲ್ಲಿ. ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಥಿಯೇಟರಿನವರಿಗಿದೆ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು ಅಂತಲೂ ಹೇಳಿದೆ. ಬಾಟಲಿ ಕೊಳ್ಳುವ ಮೊದಲು ಕೇಳಿ, ಎಲ್ಲೋ ಮೂಲೆಯಲ್ಲಿ ಫಿಲ್ಟರ್ ಇಟ್ಟಿರುತ್ತಾರೆ. ಪಾಪ್‌ಕಾರ್ನ್ ನಾವು ತೆಗೆದುಕೊಳ್ಳುವುದಿಲ್ಲ. ಸಿನಿಮಾ ಬಿಟ್ಟ ಮೇಲೆ ಖಾರ ಮಂಡಕ್ಕಿ, ಮಿರ್ಚಿ ಇದ್ದೇ ಇದೆ. ಮಂಡಕ್ಕಿಯ ಊರಿನಲ್ಲಿದ್ದು ಜೋಳದ ಅರಳಿಗೆ ಯಾಕೆ ಅಷ್ಟು ಸುರಿಯಬೇಕು?

ಒಟಿಟಿ ಅಗ್ಗ ಅನ್ನುವುದೂ ಅರ್ಧ ನಿಜ. ನೆಟ್‌ಫ್ಲಿಕ್ಸಿನಲ್ಲಿ 4ಕೆ ಬೇಕೆಂದರೆ ತಿಂಗಳಿಗೆ 649 ರೂಪಾಯಿಯ ಪ್ಲಾನೇ ಆಗಬೇಕು. ಪ್ರೈಮ್ ವಿಡಿಯೊದಲ್ಲಿ 2025ರ ಜೂನ್‌ನಿಂದ ಜಾಹೀರಾತು ಶುರುವಾಗಿದೆ, ಬೇಡವೆಂದರೆ ಮೇಲೆ ದುಡ್ಡು ಕಟ್ಟಬೇಕು. ಕನ್ನಡ ಸಿನಿಮಾಗಳು ಒಂದೇ ಕಡೆ ಇರುವುದಿಲ್ಲ. ಒಂದು ಪ್ರೈಮ್‌ನಲ್ಲಿ, ಒಂದು ಜೀ5ನಲ್ಲಿ, ಇನ್ನೊಂದು ಸನ್‌ನೆಕ್ಸ್ಟ್‌ನಲ್ಲಿ. ಎಲ್ಲಕ್ಕೂ ವರ್ಷಪೂರ್ತಿ ಕಟ್ಟುವ ಬದಲು, ನಾವು ಒಂದು ತಿಂಗಳು ಒಂದನ್ನು ತೆಗೆದುಕೊಂಡು, ಬೇಕಾದ್ದೆಲ್ಲ ನೋಡಿ ನಿಲ್ಲಿಸುತ್ತೇವೆ.

ಮನೆಗೆ ಬರುವ ಸಿನಿಮಾ ಟಾಕೀಸಿನಲ್ಲಿ ನೋಡಿದ್ದೇ ಆಗಿರಬೇಕು ಅಂತಲೂ ಇಲ್ಲ. 2022ರ 'ಕಾಂತಾರ' ನವೆಂಬರಿನಲ್ಲಿ ಒಟಿಟಿಗೆ ಬಂದಾಗ, ಕ್ಲೈಮ್ಯಾಕ್ಸಿನ 'ವರಾಹ ರೂಪಂ' ಹಾಡಿನ ಧಾಟಿಯೇ ಬೇರೆಯಾಗಿತ್ತು. ಹಾಡಿನ ಹಕ್ಕಿನ ಜಗಳ ಕೋರ್ಟಿಗೆ ಹೋಗಿತ್ತು. ಆಮೇಲೆ ಹಳೆಯದು ವಾಪಸ್ ಬಂತು, ಆದರೆ ಮೊದಲ ದಿನವೇ ಮನೆಯಲ್ಲಿ ಹಾಕಿದ ನಮಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕರೆಂಟಿನ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ಟಾಕೀಸಿನಲ್ಲಿ ಜನರೇಟರ್ ಇರುತ್ತದೆ. ಮನೆಯ ಯುಪಿಎಸ್‌ಗೆ ಟಿವಿ ಜೊತೆ ವೈಫೈ ರೂಟರನ್ನೂ ಸೇರಿಸಿಕೊಳ್ಳಿ.

ಮನೆಯವಳು ಇದ್ಯಾವುದನ್ನೂ ಒಪ್ಪುವುದಿಲ್ಲ. "ಮೆಲ್ಲಗಿನ ಸಿನಿಮಾನ ನಾನು ಎಲ್ಲಾರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕ್ಕಂಡು ನೋಡ್ತೀನಿ, ನಿಮ್ಮ ಟಾಕೀಸಿಗಿಂತ ಚಲೋ ಕೇಳಿಸ್ತದೆ" ಅನ್ನುತ್ತಾಳೆ. ಕೇಳಿಸುವುದು ನಿಜ. ಪಿಸುಮಾತು, ಉಸಿರು, ದೂರದ ನಾಯಿ, ಎಲ್ಲವೂ ಕೇಳಿಸುತ್ತದೆ. ನಾನೂ ಹಾಗೆ ಹಾಕಿ ಕೂತು ನೋಡಿದೆ. ರಾತ್ರಿ ಹನ್ನೊಂದಕ್ಕೆ, ಇಡೀ ದಿನ ದುಡಿದ ಮೈ. ಮುದುಕ ಬಾವಿಕಟ್ಟೆಗೆ ಬಂದು ಕೂರುವ ಮುಂಚೆಯೇ ನನಗೆ ನಿದ್ದೆ. ಅವಳಿಗೆ ಬರುವುದಿಲ್ಲ. ಹಾಗಾಗಿ ಇದು ಅವಳಿಗೆ ಸರಿ, ನನಗೆ ಸರಿಯಲ್ಲ. ಈ ವಾದ ಇನ್ನೂ ನಡೆಯುತ್ತಿದೆ.

ಮಗನದು ಬೇರೆಯೇ ರಾಗ. ಅವನಿಗೆ ಪ್ರೊಜೆಕ್ಟರ್ ಬೇಕು. ಗೋಡೆ ತುಂಬಾ ಕಾಣುತ್ತದಂತೆ. ನಿಟ್ಟುವಳ್ಳಿಯ ನಮ್ಮ ಷಡ್ಡಕರ ಮನೆಯಲ್ಲಿ ಒಂದು ತಂದಿದ್ದಾರೆ, ಹೋಗಿ ನೋಡಿದೆವು. ಡಬ್ಬದ ಮೇಲೆ ಸಾವಿರಗಟ್ಟಲೆ ಲ್ಯುಮೆನ್ಸ್ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಲ್ಯುಮೆನ್ಸ್ ಅಂದರೆ ಬೆಳಕಿನ ಅಳತೆ, ಆದರೆ ನೋಡಬೇಕಾದದ್ದು ಒಪ್ಪಿತ ವಿಧಾನದಲ್ಲಿ ಅಳೆದ ಆನ್ಸಿ ಲ್ಯುಮೆನ್ಸ್. ಅದನ್ನು ಒಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದರು, ಬರೀ ಮೂರಂಕಿ. ಸಂಜೆ ಆರಕ್ಕೆ ಹಚ್ಚಿದರೆ ಗೋಡೆ ಮೇಲೆ ಏನೋ ಅಲ್ಲಾಡುತ್ತಿದೆ ಅಂತಷ್ಟೇ ಗೊತ್ತಾಗುತ್ತಿತ್ತು. ಕತ್ತಲಾದ ಮೇಲೆ ಪರವಾಗಿಲ್ಲ, ಕಪ್ಪು ಬಣ್ಣ ಮಾತ್ರ ಬೂದಿಯಾಗಿಯೇ ಉಳಿಯಿತು. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಸದ್ದು. ಸ್ಪೀಕರ್ ಪ್ರೊಜೆಕ್ಟರಿನೊಳಗೇ ಇದೆ, ಪ್ರೊಜೆಕ್ಟರ್ ನಮ್ಮ ಬೆನ್ನ ಹಿಂದಿದೆ. ಹೀರೋಯಿನ್ ಮುಂದೆ ಅಳುತ್ತಿದ್ದಾಳೆ, ಅಳು ಹಿಂದಿನಿಂದ ಕೇಳುತ್ತಿದೆ. ಬ್ಲೂಟೂತ್ ಸ್ಪೀಕರ್ ತಂದು ಗೋಡೆ ಹತ್ತಿರ ಇಟ್ಟರೆ ತುಟಿ ಮೊದಲು ಆಡುತ್ತದೆ, ಮಾತು ತಡವಾಗಿ ಬರುತ್ತದೆ. ವೈರ್ ಎಳೆದು ಸರಿ ಮಾಡುವ ಹೊತ್ತಿಗೆ ಮಕ್ಕಳೆಲ್ಲ ಹೊರಗೆ ಆಡಲು ಓಡಿದ್ದರು.

ಮಗನಿಗೆ ಸದ್ಯಕ್ಕೆ ಇಲ್ಲ ಅಂದಿದ್ದೇನೆ. ಬದಲಿಗೆ ಈ ಭಾನುವಾರ ಬೆಳಗಿನ ಆಟಕ್ಕೆ ನನ್ನ ಜೊತೆ ಬಾ ಅಂದೆ, ಅಷ್ಟರೊಳಗೆ ಎತ್ತಿಹಾಕದಿದ್ದರೆ. "ಯಾವ್ ಸಿನಿಮಾ ಪಪ್ಪಾ?" ಅಂದ. ಹೆಸರು ಹೇಳಿದೆ. ಕೇಳಿಯೇ ಇಲ್ಲವಂತೆ.